ಲಗ್ನಪತ್ರಿಕೆಯಲ್ಲಿ ಅತ್ತೆಯ ಜಾಗ

ನನ್ನ ತಂಗಿಯನ್ನು ಸಾತನೂರಿನ ಅತ್ತೆಯ ಮಗನಿಗೆ ಕೊಡುವುದೆಂದು ಮಾತಾದ ದಿನ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಂದೇ ಒಂದು ಮಾತು ಹೇಳಿದಳು. ಸೀರೆಯ ಮಾತಲ್ಲ, ಛತ್ರದ ಮಾತಲ್ಲ. "ಪತ್ರಿಕೆ ನೀನೇ ಮಾಡ್ಸೋದಂತೆ. ತವರಿನ ಪಟ್ಟೀಲಿ ನನ್ನೆಸ್ರು ಬರೋ ಹಂಗೆ ನೋಡ್ಕೊ ಮಗ." ಇದೇನು ಮಹಾ ಎಂದುಕೊಂಡು ನಾನು ತಲೆಯಾಡಿಸಿದೆ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಕೂಟಗಲ್ಲಿನ ನಮ್ಮ ಮನೆಯಿಂದ ಸಾತನೂರಿಗೆ ಕೊಟ್ಟ ಹೆಣ್ಣು. ನಾನು ಚಿಕ್ಕವನಿದ್ದಾಗ ಚಿಕ್ಕಪ್ಪನಿಗೆ ಹೆಣ್ಣು ನೋಡಲು ಹೋಗುವಾಗ ತನ್ನನ್ನು ಕರೆಯಲಿಲ್ಲವೆಂದು ಮಾವ ಮುನಿಸಿಕೊಂಡರು. ಅಳಿಯ ಮುನಿಸಿಕೊಂಡನೆಂದು ತಾತ ಅದಕ್ಕಿಂತ ಹೆಚ್ಚು ಮುನಿಸಿಕೊಂಡರು. ಕಡೆಗೆ ಚಿಕ್ಕಪ್ಪನ ಲಗ್ನಪತ್ರಿಕೆ ಬಂದಾಗ ಮನೆಮಕ್ಕಳ ಪಟ್ಟಿಯಲ್ಲಿ ಅತ್ತೆಯ ಹೆಸರೇ ಇರಲಿಲ್ಲ. ಆದರೂ ಅವಳು ಆ ಮದುವೆಗೆ ಒಬ್ಬಳೇ ಬಂದು, ಪಂಕ್ತಿಯಲ್ಲಿ ಬಡಿಸಿ, ಸಂಜೆ ಬಸ್ಸಿಗೆ ಹೊರಟುಹೋದಳು. ತಾತ ತೀರಿಕೊಂಡ ಮೇಲೆ ಮುನಿಸು ತಾನಾಗಿ ಸವೆಯಿತು, ಹೋಗಿ ಬರುವುದು ಶುರುವಾಯಿತು. ಆದರೆ ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಮೊದಲ ಮದುವೆ ತಂಗಿಯದೇ.

ನಾನಾಗ ರಾಮನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಪಾಠಕ್ಕಿಂತ ಹೆಚ್ಚಾಗಿ ನನ್ನ ತಲೆ ತಿನ್ನುತ್ತಿದ್ದುದು ಪಾರ್ಸರ್ ಎಂಬ ಸಾಮಾನು. ನಾವು ಬರೆದುಕೊಟ್ಟದ್ದನ್ನು ಓದಿ, ಯಾವುದು ಯಾವುದಕ್ಕೆ ಸೇರಿದ್ದು ಎಂದು ಬಿಡಿಸಿ, ಮರದ ಆಕಾರದಲ್ಲಿ ಜೋಡಿಸಿಟ್ಟುಕೊಳ್ಳುವ ಪ್ರೋಗ್ರಾಮು ಅದು. ಬೇರು ಮೇಲೆ, ಕೊಂಬೆಗಳು ಕೆಳಗೆ. ಆದರೆ ಮರ ಕಟ್ಟುವ ನಿಜವಾದ ಕೂಲಿ ಕೆಲಸ ಪಾರ್ಸರಿನದಲ್ಲ, ಅದರ ಬೆನ್ನ ಹಿಂದೆ ನಿಂತ ಸಿದ್ಧ ಪ್ರೋಗ್ರಾಮುಗಳ ಕಟ್ಟು, ಅಂದರೆ ರನ್‌ಟೈಮ್ ಲೈಬ್ರರಿಯದು. ಒಂದೊಂದು ಮಾತಿಗೂ ನೋಡ್ ಎಂಬ ಒಂದೊಂದು ಗಂಟನ್ನು ಮರದಲ್ಲಿ ಹುಟ್ಟಿಸುವುದು, ಅದನ್ನು ಯಾರ ಕೆಳಗೆ ಕೂರಿಸಬೇಕೋ ಅಲ್ಲಿ ಕೂರಿಸುವುದು, ಆಮೇಲೆ ಇಡೀ ಮರವನ್ನು ಬಿಚ್ಚಿ ಬೇರೊಂದು ಕ್ರಮದಲ್ಲಿ ಕಟ್ಟುವುದು, ಎಲ್ಲ ಅದೇ ಮಾಡಬೇಕು. ಅಂಥ ಲೈಬ್ರರಿಗಳು ಪುಕ್ಕಟೆ ಸಿಗುತ್ತಿದ್ದವು. ನಾನು ಒಂದನ್ನು ಇಟ್ಟುಕೊಂಡು, ಸಾಲು ಸಾಲು ಓದಿ, ನನ್ನದೇ ಒಂದನ್ನು ಬರೆದೆ. ಬೇರೆಯವರು ಮಾಡಿದ್ದು ನನಗೆ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ, ಅದು ಹುಟ್ಟುಗುಣ.

ಆ ಲೈಬ್ರರಿಯಲ್ಲಿ ನನಗೆ ತುಂಬ ಇಷ್ಟವಾಗಿದ್ದ ಒಂದು ಉಪಾಯವಿತ್ತು. ಮರ ಕಟ್ಟಲು ಕೂತಾಗ ಯಜಮಾನ ಯಾರೆಂದು ಇನ್ನೂ ಗೊತ್ತಿರುವುದಿಲ್ಲವಲ್ಲ, ಅದಕ್ಕೆ ಮೊದಲು ಹೆಸರಿಲ್ಲದ ಒಂದು ಖಾಲಿ ನೋಡನ್ನು ತಲೆಯ ಮೇಲೆ ಕೂರಿಸುತ್ತಾರೆ. ಬಂದ ಮಕ್ಕಳೆಲ್ಲ ಅದರ ಮಡಿಲಿಗೆ ಬೀಳುತ್ತವೆ. ನಿಜವಾದ ಯಜಮಾನ ಬಂದ ಕೂಡಲೇ ಖಾಲಿ ನೋಡು ಮಕ್ಕಳನ್ನೆಲ್ಲ ಅವನ ಕೈಗೆ ಒಪ್ಪಿಸಿ ಸದ್ದಿಲ್ಲದೆ ಎದ್ದು ಹೋಗುತ್ತದೆ. ಇಷ್ಟು ಮರ್ಯಾದಸ್ಥರು ನಮ್ಮ ನೆಂಟರಲ್ಲೂ ಇರಲಿಲ್ಲ. ಪಾಠದ ನಡುವೆ ಇದನ್ನು ಹೇಳಿ ನಾನೊಬ್ಬನೇ ಖುಷಿಪಡುತ್ತಿದ್ದೆ, ಕ್ಲಾಸು ಗಡಿಯಾರ ನೋಡುತ್ತಿತ್ತು.

ಇದಕ್ಕೊಂದು ಉಪಯೋಗ ಹುಡುಕಿಕೊಟ್ಟವನು ನನ್ನ ಜೊತೆ ಓದಿದ ಗೆಳೆಯ. ಅವನದು ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಲ ಬಂತೆಂದರೆ ಜನ ನೋಟುಬುಕ್ಕಿನ ಹಾಳೆಯಲ್ಲಿ ನೆಂಟರ ಹೆಸರು ಗೀಚಿಕೊಂಡು ಬಂದು ಅವನ ಮುಂದೆ ಸುರಿಯುತ್ತಿದ್ದರು. ಯಾರು ಅಜ್ಜ, ಯಾರು ಅಳಿಯ, ಯಾರು ಯಾರಿಗಿಂತ ಮೇಲೆ ಬರಬೇಕು ಎಂದು ಸಾಲು ಹಿಡಿಯುವುದರಲ್ಲಿ ಅವನ ಜೀವ ಹೋಗುತ್ತಿತ್ತು. ನಾನು ಅವನಿಗೊಂದು ಪ್ರೋಗ್ರಾಮು ಬರೆದುಕೊಟ್ಟೆ. ಅವನು ಹೆಸರಿನ ಪಕ್ಕ ಸಂಬಂಧ ಬರೆದರೆ ಸಾಕು, ಪಾರ್ಸರ್ ಅದನ್ನು ಓದಿ ನೆಂಟರ ಮರ ಕಟ್ಟುತ್ತಿತ್ತು. ಆಮೇಲೆ ನನ್ನ ಲೈಬ್ರರಿ ಆ ಮರವನ್ನು ಬಿಚ್ಚಿ ಪತ್ರಿಕೆಯ ಕ್ರಮದಲ್ಲಿ ಮತ್ತೆ ಕಟ್ಟುತ್ತಿತ್ತು: ಹಿರಿಯರು ಮೇಲೆ, ಅವರ ಕೆಳಗೆ ಹೆಣ್ಣಿನ ಮನೆಯವರು, ಕೊನೆಗೆ ಗಂಡಿನ ತಂದೆತಾಯಿ ಮತ್ತು ಅವರ ಕಡೆಯವರು.

ಹೀಗೆ ಬಿಚ್ಚಿ ಕಟ್ಟುವುದರಲ್ಲಿ ಮೂಲ ಲೈಬ್ರರಿಯವರು ಒಂದು ನಿಯಮ ಇಟ್ಟಿದ್ದರು. ಒಂದು ನೋಡಿಗೆ ಒಂದೇ ಮನೆ, ಎರಡು ಮನೆಯಲ್ಲಿ ಏಕಕಾಲಕ್ಕೆ ಅದು ಇರಲಾರದು. ಹಾಗಾಗಿ ಒಂದೇ ನೋಡನ್ನು ಎರಡು ಕಡೆಯವರು ಕೇಳಿದರೆ ಮೊದಲು ಕೇಳಿದವರಿಗೆ ಅಸಲು ನೋಡನ್ನು, ಆಮೇಲೆ ಕೇಳಿದವರಿಗೆ ಅದರ ನಕಲನ್ನು ಕೊಡಬೇಕು. ನಕಲು ಮಾಡುವ ಆ ಭಾಗ ನನಗೆ ಬೇಡದ ತಲೆನೋವು ಅನ್ನಿಸಿತು. ಲಗ್ನಪತ್ರಿಕೆಯಲ್ಲಿ ಒಬ್ಬರೇ ಮನುಷ್ಯರು ಎರಡು ಕಡೆ ಯಾಕೆ ಬರುತ್ತಾರೆ ಎಂದು ಅದನ್ನು ಪೂರ್ತಿ ಕಿತ್ತುಹಾಕಿದೆ. ಅದರ ಬದಲು, ನೋಡನ್ನು ಹೊಸ ಮನೆಯಲ್ಲಿ ಕೂರಿಸುವಾಗ ಹಳೆಯ ಮನೆಯ ಪಟ್ಟಿಯಿಂದ ಅದನ್ನು ಚೊಕ್ಕವಾಗಿ ತೆಗೆದುಹಾಕುವ ನಾಲ್ಕು ಸಾಲು ಬರೆದು, ಎಷ್ಟು ಚೆನ್ನಾಗಿ ಬರೆದಿದ್ದೇನೆಂದು ಬೆನ್ನು ತಟ್ಟಿಕೊಂಡೆ.

ಅಕ್ಕನ ಮಗಳನ್ನೇ ತಂದುಕೊಳ್ಳುವ, ಅತ್ತೆಯ ಮಗನಿಗೇ ಕೊಡುವ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ಅನುಮಾನ ಬರಬೇಕಿತ್ತು. ನಮ್ಮಲ್ಲಿ ಒಬ್ಬೊಬ್ಬರೂ ಎರಡು ಕಡೆಯಿಂದ ನೆಂಟರು. ಚಿಕ್ಕಮ್ಮನೇ ಅತ್ತಿಗೆ, ಮಾವನೇ ಭಾವ. ಆದರೆ ಕಂಪ್ಯೂಟರ್ ಮುಂದೆ ಕೂತಾಗ ನಾನು ಕೂಟಗಲ್ಲಿನವನು ಎಂಬುದನ್ನೇ ಮರೆತುಬಿಡುತ್ತಿದ್ದೆ.

ತಂಗಿಯ ಪತ್ರಿಕೆ ಅದೇ ಪ್ರೆಸ್ಸಿನಲ್ಲಿ, ಅದೇ ಪ್ರೋಗ್ರಾಮಿನಿಂದ ತಯಾರಾಯಿತು. ಅಪ್ಪ ಕರಡು ನೋಡಿದರು. ಮುಹೂರ್ತ ಸರಿಯಿದೆಯೇ, ಕಾಗುಣಿತ ಸರಿಯಿದೆಯೇ ಎಂದು ಕನ್ನಡಕ ಏರಿಸಿ ಇಳಿಸಿ ನೋಡಿದರು. ಇರುವ ಹೆಸರಿನಲ್ಲಿ ತಪ್ಪಿದ್ದರೆ ಕಣ್ಣಿಗೆ ಬೀಳುತ್ತದೆ, ಇಲ್ಲದ ಹೆಸರು ಬೀಳುವುದಿಲ್ಲ. ಅಪ್ಪ ಬರೆಸಿಕೊಟ್ಟ ಪಟ್ಟಿಯಲ್ಲಿದ್ದ ಅತ್ತೆಯ ಹೆಸರನ್ನು ಗೆಳೆಯ ಎರಡೂ ಸಂಬಂಧ ಹಾಕಿ ಬರೆದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆದ್ದರಿಂದ ಕರಡನ್ನು ನಾನು ನೋಡಲೇ ಇಲ್ಲ.

ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೆಂಗಲ್ ಆಂಜನೇಯನ ಮುಂದಿಟ್ಟು ಕೈಮುಗಿದು, ಎರಡನೆಯದನ್ನು ಅತ್ತೆಗೇ ಕೊಡಬೇಕೆಂದು ನಾನು ಅಂದೇ ಕನಕಪುರದ ಮೇಲೆ ಸಾತನೂರಿನ ಬಸ್ಸು ಹತ್ತಿದೆ. ಕಷ್ಟಪಟ್ಟು ಮಾಡಿದ್ದನ್ನು ತೋರಿಸಿ ಹೊಗಳಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೂರನೇ ಕ್ಲಾಸಿನವರೆಗೆ ಓದಿದ್ದಳು. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಗಂಡಿನ ತಾಯಿ ಎನ್ನುವಲ್ಲಿ ತನ್ನ ಹೆಸರು ಸಿಕ್ಕಿತು, ಅಲ್ಲಿ ನಿಲ್ಲಲಿಲ್ಲ. ಬೆರಳು ತವರಿನ ಪಟ್ಟಿಗೆ ಏರಿ ಅಪ್ಪನ ಹೆಸರು, ಚಿಕ್ಕಪ್ಪನ ಹೆಸರು ದಾಟಿ ಕೊನೆಗೆ ಬಂತು. ಮತ್ತೆ ಮೇಲಿನಿಂದ ಓದಿದಳು. ಅಷ್ಟು ಹೊತ್ತಿಗೆ ನನಗೂ ಕಂಡಿತ್ತು, ಅವಳು ಅಲ್ಲಿರಲಿಲ್ಲ.

ಇದು ಕಂಪ್ಯೂಟರಿನಲ್ಲಿ ಆದ ತಪ್ಪು, ಯಾರೂ ಬೇಕೆಂದು ಬಿಟ್ಟಿದ್ದಲ್ಲ ಎಂದು ನಾನು ತಡವರಿಸಿದೆ. ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ಪತ್ರಿಕೆಯನ್ನು ಮಡಚಿದಳು.

"ಇರ್ಲಿ ಬುಡಪ್ಪ. ಆವತ್ತೂ ನಿಮ್ ತಾತ ಪ್ರೆಸ್ಸಿನೋನು ಮರ್ತ ಅಂತ್ಲೇ ಹೇಳಿದ್ದು."

ಕಾಫಿ ಕಾಯಿಸಲು ಒಳಗೆ ಹೋದಳು. ಆ ಕಾಫಿಯನ್ನು ನಾನು ಹೇಗೆ ಕುಡಿದೆನೋ ಗೊತ್ತಿಲ್ಲ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ನನ್ನ ಮಾತು ನಿಜ, ತಾತನ ಮಾತು ಸುಳ್ಳು. ಆದರೆ ಅವಳ ಕಿವಿಗೆ ಎರಡೂ ಒಂದೇ ಮಾತಾಗಿತ್ತು.

ಮರುದಿನ ಕಾಲೇಜಿಗೆ ರಜ ಹಾಕಿ ಪ್ರೆಸ್ಸಿನಲ್ಲಿ ಕೂತೆ. ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ, ಪ್ರತಿ ಹೆಜ್ಜೆಗೂ ಮರವನ್ನು ಪರದೆಯ ಮೇಲೆ ಬರೆಸಿ ನೋಡಿದೆ. ಮೊದಲು ಹೆಣ್ಣಿನ ಮನೆ ಕಟ್ಟಿತು. ಅಪ್ಪ, ಚಿಕ್ಕಪ್ಪ, ಅವರ ಪಕ್ಕದಲ್ಲಿ ಅತ್ತೆ ಸರಿಯಾಗಿ ಕೂತಿದ್ದಳು. ಆಮೇಲೆ ಗಂಡಿನ ಮನೆ ಕಟ್ಟಲು ಶುರುವಾಯಿತು, ತಾಯಿ ಬೇಕೆಂದು ಕೇಳಿತು. ನಾನು ಬೆನ್ನು ತಟ್ಟಿಕೊಂಡಿದ್ದ ಆ ನಾಲ್ಕು ಸಾಲು ಎದ್ದು ಹೋಗಿ, ಅತ್ತೆಯನ್ನು ತವರಿನಿಂದ ಕಿತ್ತು ಅಲ್ಲಿ ಕೂರಿಸಿದವು. ಇತ್ತ ಚಿಕ್ಕಪ್ಪನ ಪಕ್ಕದ ಜಾಗವನ್ನು ಖಾಲಿಯೂ ಬಿಡದೆ ಪಟ್ಟಿಯನ್ನು ಒತ್ತರಿಸಿ ಸರಿಮಾಡಿದವು. ಒಂದು ಎಚ್ಚರಿಕೆಯ ಮಾತಿಲ್ಲ, ಒಂದು ದೂರಿಲ್ಲ. ಎಲ್ಲ ಎಷ್ಟು ಸಲೀಸಾಗಿ ನಡೆಯಿತೆಂದರೆ ನನಗೆ ಪರದೆಯ ಮೇಲೆ ಸಿಟ್ಟು ಬಂತು. ಬರೆದವನು ನಾನೇ ಆದ್ದರಿಂದ ಆ ಸಿಟ್ಟನ್ನು ನುಂಗಿಕೊಂಡೆ.

ಕಿತ್ತುಹಾಕಿದ್ದ ನಿಯಮವನ್ನು ಮೂಲ ಲೈಬ್ರರಿಯಿಂದ ಹುಡುಕಿ ತಂದು, ಒಂದಕ್ಷರವನ್ನೂ ಬದಲಿಸದೆ ಅದೇ ಜಾಗದಲ್ಲಿ ಇಟ್ಟೆ. ಈ ಸಲ ಗಂಡಿನ ಮನೆ ತಾಯಿಯನ್ನು ಕೇಳಿದಾಗ ಲೈಬ್ರರಿ ನಕಲೊಂದನ್ನು ಮಾಡಿ ಕೊಟ್ಟಿತು. ಅಸಲು ಚಿಕ್ಕಪ್ಪನ ಪಕ್ಕದಲ್ಲಿ ಅಲ್ಲಾಡದೆ ಕೂತೇ ಇತ್ತು. ಗೆಳೆಯ ಹಿಂದೆ ನಿಂತು ನೋಡುತ್ತಿದ್ದ. ಬಿಟ್ಟುಹೋದ ಹೆಸರನ್ನು ಕೈಯಲ್ಲಿ ಸೇರಿಸಿ ಅಚ್ಚು ಹಾಕಿದರೆ ಐದು ನಿಮಿಷದ ಕೆಲಸ, ಇದಕ್ಕೆ ಯಾಕೆ ಬೆಳಗಿನಿಂದ ಒದ್ದಾಡುತ್ತಿದ್ದೀಯ ಎಂದ. ಕೈಯಲ್ಲಿ ಸೇರಿಸಿದ್ದಾದರೆ ಅದು ತಪ್ಪು ಮುಚ್ಚಿದಂತೆ ಆಗುತ್ತಿತ್ತು, ಅವಳನ್ನು ವಾಪಸು ಕೂರಿಸಿದಂತೆ ಆಗುತ್ತಿರಲಿಲ್ಲ. ಅವನಿಗೆ ಇದನ್ನು ಹೇಳಿದರೆ ನಗುತ್ತಾನೆಂದು, ಅಚ್ಚಿಗೆ ಕಾಗದ ಜೋಡಿಸು ಎಂದಷ್ಟೇ ಹೇಳಿದೆ.

ಹೊಸ ಪತ್ರಿಕೆಯ ಜೊತೆಗೆ, ಅತ್ತೆಯನ್ನು ಕೀಳುವ ಮೊದಲಿನ ಮರ ಮತ್ತು ಸರಿಮಾಡಿದ ಮೇಲಿನ ಮರ ಎರಡನ್ನೂ ಹಾಳೆಯ ಮೇಲೆ ಅಚ್ಚು ಹಾಕಿಸಿಕೊಂಡು ಮತ್ತೆ ಸಾತನೂರಿಗೆ ಹೋದೆ. ಜಗಲಿಯ ಮೇಲೆ ಹಾಳೆ ಹರಡಿ ಮೊದಲ ಮರ ತೋರಿಸಿದೆ. ನೋಡು ಅತ್ತೆ, ಇಲ್ಲಿ ಅಪ್ಪನ ಸಾಲಿನಲ್ಲಿ ನೀನಿದ್ದೆ, ನಾನು ಬರೆದ ತಪ್ಪಿನಿಂದ ನಿನ್ನನ್ನು ಗಂಡಿನ ಮನೆಗೆ ಎಳೆದುಕೊಂಡು ಹೋಯಿತು, ಅಪ್ಪ ನಿನ್ನ ಹೆಸರು ಬರೆಸಿಯೇ ಇದ್ದರು ಎಂದೆ. ಅವಳು ಅಪ್ಪನ ಹೆಸರಿನ ಮೇಲೆ, ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಅಣ್ಣ ಬರೆಸಿದ್ದು ದಿಟವೇ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ. ಆಗ ಅತ್ತಳು. ಬಹಳ ಹೊತ್ತು ಅತ್ತಳು, ನಾನು ತಡೆಯಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು ಎರಡನೇ ಮರ ನೋಡಿದಳು. ಹೆಸರು ಎರಡು ಕಡೆ ಇತ್ತು. ಇದರಲ್ಲಿ ತಾನು ಯಾವುದು ಎಂದು ಕೇಳಿದಳು. ತವರಿನಲ್ಲಿ ಕೂತಿರುವುದು ನೀನೇ, ಗಂಡಿನ ಮನೆಯಲ್ಲಿರುವುದು ನಿನ್ನ ನಕಲು, ಯಂತ್ರದೊಳಗೆ ಲೆಕ್ಕ ಹಾಗೆ ಎಂದೆ. ಅತ್ತೆ ಗಂಡಿನ ಮನೆಯ ಹೆಸರಿನ ಮೇಲೆ ಬೆರಳಿಟ್ಟಳು.

"ಹಂಗಾರೆ ಇಷ್ಟ್ ವರ್ಸ ಈ ಮನೇಲಿ ಗೇದೋಳು ನಕಲಾ ಮಗ?"

ಅಂಗಳದಲ್ಲಿ ಮಾವ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಅತ್ತೆ ಅವರ ಬೆನ್ನನ್ನು ಒಂದು ಗಳಿಗೆ ನೋಡಿ, ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ದನಿ ತಗ್ಗಿಸಿದಳು.

"ನಿಮ್ ಮಾವನ್ ತಾವ ಆಡ್ಬೇಡ ಕಣ್ಲಾ. ಪಾಪ, ಆ ನಕಲಿನ್ ಕೈಲೇ ಉಂಡು ಇಷ್ಟ್ ದಿನ ಬದ್ಕವ್ನೆ."