ಕಬಡ್ಡಿ ಮಾಸ್ತರನ ಊಟದ ಹೊತ್ತು

ಗೋಡೆಗೆ ಹಚ್ಚಲು ಯಾರಾದರೂ ಸುಣ್ಣ ಕಲಸಿದರೆ ಸಾಕು, ಆ ಹಸಿ ವಾಸನೆಗೆ ಅಪ್ಪನೇ ಬಂದು ನಿಂತಂತಾಗುತ್ತದೆ. ಐನಾಪುರದ ಕಡೆ ಒಂದು ಸಣ್ಣ ಕಾಲೇಜಿನಲ್ಲಿ ಆತ ಕಬಡ್ಡಿ ಕಲಿಸುತ್ತಿದ್ದ. ದಿನಾ ಸಂಜೆ ತಾನೇ ಬಗ್ಗಿ ಸುಣ್ಣದ ಪುಡಿಯಿಂದ ಮೈದಾನದ ಗೆರೆ ಎಳೆಯುತ್ತಿದ್ದ. ಅಂಗಿ, ಕೈ, ಹುಬ್ಬು ಎಲ್ಲ ಬೆಳ್ಳಗೆ. ಹುಡುಗರು ಮನೆಗೆ ಹೋಗಿ ಎಮ್ಮೆಗೆ ಮೇವು ಹಾಕಿಯೇ ಬರಬೇಕು. ಆಟ ರಂಗೇರುವಷ್ಟರಲ್ಲಿ ಸೂರ್ಯ ಕಬ್ಬಿನ ತಲೆಗೆ ಇಳಿದಿರುತ್ತಿದ್ದ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವ್ವ ರೊಟ್ಟಿ, ಹೆಸರುಕಾಳಿನ ಪಲ್ಯ ಮುಚ್ಚಿಟ್ಟು ಕಾಯುವಳು. ನಾನು ಮಾಳಿಗೆ ಹತ್ತಿ ಒಮ್ಮೆ ಸೂರ್ಯನನ್ನು, ಒಮ್ಮೆ ರಸ್ತೆಯಾಚೆಯ ಮೈದಾನವನ್ನು ನೋಡುತ್ತ ನಿಲ್ಲುವೆ. "ಇನ್ನೊಂದ ಡಾವ ಆಡೂಣ್ರಿ ಸರ!" ಎಂದು ಹುಡುಗರು ಇನ್ನೊಂದು ಸುತ್ತಿಗೆ ಕೂಗಿದರೆ ಮುಗಿಯಿತು, ಅಪ್ಪ ಬರಲಾರೆ ಎಂಬಂತೆ ನನ್ನತ್ತ ಕೈ ಎತ್ತಿ, ಮತ್ತೆ ಸೀಟಿ ಊದುತ್ತಿದ್ದ. ಆ ದಿನ ಆತನಿಗೆ ಹನಿ ನೀರೂ ಇಲ್ಲ. ಆ ಹುಡುಗರೆಂದರೆ ನನಗೆ ಹೊಟ್ಟೆಕಿಚ್ಚು. ಯಾರ ಮೊಣಕಾಲು ಎಂದು ಉಳುಕಿತ್ತು ಎಂಬುದೆಲ್ಲ ಅಪ್ಪನಿಗೆ ಬಾಯಿಪಾಠ. ನಾನು ಶಾಲೆಯಲ್ಲಿ ಎಷ್ಟನೆಯ ಇಯತ್ತೆ ಎಂಬುದನ್ನು ಮಾತ್ರ ಅವ್ವನನ್ನು ಕೇಳುತ್ತಿದ್ದ.

ಒಂದು ಮಳೆಗಾಲ ಅವನ ತಂಡ ಮೊದಲ ಸಲ ಫೈನಲ್ ತಲುಪಿತ್ತು. ಮೂರು ಸಂಜೆಯಿಂದ ಅಪ್ಪ ಉಂಡಿರಲಿಲ್ಲ. ಪಂದ್ಯದ ಹಿಂದಿನ ದಿನ ದಟ್ಟ ಮೋಡ, ಸೂರ್ಯನ ಸುಳಿವೇ ಇಲ್ಲ. ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳಿದ, "ಹೊತ್ತ ಐತೇನವಾ?" ಗಡಿಯಾರ ನೋಡಿದ್ದೆ, ಹೊತ್ತು ಮುಳುಗಿ ಕಾಲು ತಾಸಾಗಿತ್ತು. "ಐತಿ ಅಪ್ಪಾ" ಎಂದೆ. ಕೈ ತೊಳೆದು ನನ್ನ ಪಕ್ಕದಲ್ಲೇ ಕೂತ. ಎರಡನೆಯ ತುತ್ತಿಗೆ, ಹೊತ್ತು ಮುಳುಗಿದ ಮೇಲಷ್ಟೇ ಆಗುವ ಬಸದಿಯ ಆರತಿಯ ಗಂಟೆ ಕೇಳಿಸಿತು. ಬಡಿಸುತ್ತಿದ್ದ ಅವ್ವನ ಕೈ ನಿಂತಿತು. ಅಪ್ಪ ನನ್ನನ್ನೇ ನೋಡಿದ. ನಾನು ತಲೆ ತಗ್ಗಿಸಿದೆ. "ಮಗಳು ಹೊತ್ತ ಐತಿ ಅಂದಾಳಲ್ಲ, ಬಡಸ" ಎಂದು ಅವ್ವನಿಗೆ ಹೇಳಿ, ಇಡೀ ರೊಟ್ಟಿ ನಿಧಾನವಾಗಿ ಉಂಡ.

ಮರುದಿನ ಉಪವಾಸವಿದ್ದೇ ತಂಡ ಕರೆದುಕೊಂಡು ಅಥಣಿಯ ಬಸ್ಸು ಹತ್ತಿದ. ಒಂದು ಅಂಕದಿಂದ ಸೋತರು. ಉಪವಾಸ ಯಾಕೆ ಎಂದು ಹುಡುಗರು ಕೇಳಿದ್ದಕ್ಕೆ, "ನಂದ ಒಂದ ತಪ್ಪ ಆಗಿತ್ತ" ಅಂದನಂತೆ. ಸುಳ್ಳು ಹೇಳಿದ ನನ್ನನ್ನು ಮಾತ್ರ ಆತ ಎಂದೂ ಏನೂ ಕೇಳಲಿಲ್ಲ.

ತಂಡ ಮತ್ತೆಂದೂ ಫೈನಲ್ ಕಾಣಲಿಲ್ಲ. ಹುಡುಗರು ಪೊಲೀಸರಾದರು, ಸಕ್ಕರೆ ಕಾರ್ಖಾನೆ ಸೇರಿದರು. ಹೊಸಬರು ಕ್ರಿಕೆಟ್ ಬ್ಯಾಟು ಹಿಡಿದರು. ಅಪ್ಪ ನಿವೃತ್ತನಾದ ಮೇಲೆ ಉಳಿದ ಸುಣ್ಣದ ಚೀಲ ಹಿತ್ತಲಲ್ಲಿ ಗಟ್ಟಿಯಾಯಿತು. ಈಗ ಐದಕ್ಕೇ ಉಣ್ಣಲು ಕೂರುತ್ತಿದ್ದ, ಕೂಗಿ ಕರೆಯುವವರಿರಲಿಲ್ಲ. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯುತ್ತಿತ್ತು. ನನಗೆ ಆ ಹಾಳು ಹುಡುಗರು ಒಮ್ಮೆಯಾದರೂ ಬರಬಾರದೇ ಅನಿಸುತ್ತಿತ್ತು.

ಕೊನೆಯ ಬೇನೆಯಲ್ಲಿ ಅಪ್ಪನ ಕಣ್ಣುಗಳು ಮಂಜಾಗಿದ್ದವು. ದಿನವಿಡೀ ಏನೂ ಒಲ್ಲೆ ಎಂದವನು ಒಂದು ಸಂಜೆ ಗಂಜಿಯ ವಾಸನೆ ಬಂದತ್ತ ಮುಖ ತಿರುಗಿಸಿ, "ಹೊತ್ತ ಐತೇನವಾ?" ಎಂದ. ಹೊರಗೆ ಕತ್ತಲಾಗಿತ್ತು. "ಐತಿ ಅಪ್ಪಾ" ಎಂದೆ. ಸ್ವಲ್ಪ ಹೊತ್ತು ನನ್ನತ್ತಲೇ ನೋಡಿ ಬಾಯಿ ತೆರೆದ. ನಾಲ್ಕು ಚಮಚ ಕುಡಿದ.

ಮರುದಿನದ ಉಪವಾಸ ನಾನು ಮಾಡಿದೆ.