ಇಕಿ ನಮ್ಮ ಪೈಕಿ

ಘತ್ತರಗಿ ತಾಯಿಯ ಭಕ್ತರಿಗೆಲ್ಲ ಕರಜಗಿಯಿಂದ ಒಬ್ಬ ಹೆಣ್ಣುಮಗಳ ಶರಣು. ಬೇಡಿದ್ದು ಸಿಕ್ಕಿತೆಂದು ಇಲ್ಲಿ ಅನೇಕರು ಬರೆಯುತ್ತೀರಿ. ನನಗೂ ಬೇಡಿದ್ದು ಸಿಕ್ಕಿತ್ತು. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ನನಗೆ ಒಬ್ಬಳೇ ಮಗಳು, ಶೋಭಾ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷೀನು ತುಳಿದು ಓದಿಸಿದೆ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವಾಗ ಆಳಂದದ ಹುಡುಗನೊಬ್ಬನನ್ನು ಮೆಚ್ಚಿ ಮನೆಗೂ ಕರೆತಂದಳು. ಹುಡುಗನಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ಚಹಾ ಕೊಟ್ಟು, ನಗುನಗುತ್ತಲೇ ಕೇಳಿದೆ: "ನೀವು ಯಾರ ಪೈಕಿ ಆಗ್ತೀರಿ ತಮ್ಮಾ?" ಅವನು ಮುಚ್ಚಿಡದೆ ಜಾತಿ ಹೇಳಿದ. ಅವನು ಕುಡಿದ ಕಪ್ಪನ್ನು ನಾನು ಬೇರೆ ಇಟ್ಟು ತೊಳೆದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆ ಅಮಾವಾಸ್ಯೆಗೇ ಘತ್ತರಗಿಗೆ ಹೋಗಿ ಬೇಡಿಕೊಂಡೆ: ತಾಯಿ, ನನ್ನ ಮಗಳು ನಮ್ಮ ಪೈಕಿಯವರ ಮನೆಯನ್ನೇ ಸೇರಲಿ, ಸೀರೆ ಉಡಿಸಿ ಉಡಿ ತುಂಬುತ್ತೇನೆ. ಅತ್ತು ಕರೆದು, ಊಟ ಬಿಟ್ಟು ಶೋಭಾಳನ್ನು ಒಪ್ಪಿಸಿದೆ. ಜೇವರ್ಗಿಯಲ್ಲಿರುವ ನನ್ನ ಸ್ವಂತ ಅಣ್ಣನ ಮಗನಿಗೇ ಕೊಟ್ಟೆ. ಹರಕೆಯನ್ನೂ ತೀರಿಸಿದೆ.

ಅಣ್ಣನ ಮಗನಿಗೂ ಈ ಮದುವೆ ಬೇಕಿರಲಿಲ್ಲವಂತೆ. ಅವನೂ ಅಪ್ಪನಿಗೆ ಅಂಜಿ ತಾಳಿ ಕಟ್ಟಿದವನು. ಹೊಡೆಯಲಿಲ್ಲ, ಬೈಯಲಿಲ್ಲ, ಎರಡು ವರ್ಷ ಮಾತೇ ಆಡಲಿಲ್ಲ. ಶೋಭಾ ಎರಡು ಸಲ ಚೀಲ ಹಿಡಿದು ಬಂದಳು. ಎರಡು ಸಲವೂ ನಾನೇ ಬಸ್ ಹತ್ತಿಸಿದೆ. "ಹೊರಗಿನವರಾಗಿದ್ರ ಜಗಳಾನರ ಆಡ್ತಿದ್ದೆ. ಅಣ್ಣನ ಮುಂದ ಏನಂತ ಬಾಯಿ ತೆಗೀಲಿ ಬೇ? ನನಗ ತವರುಮನಿ ಇಲ್ಲದಂಗ ಮಾಡಬ್ಯಾಡ" ಅಂದೆ. ಅವಳು ಕಿಟಕಿಯಿಂದ ನನ್ನ ಕಡೆ ನೋಡಲೂ ಇಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅಣ್ಣ ಫೋನ್ ಮಾಡಿದ: "ಶೋಭಾ ಅಲ್ಲಿ ಬಂದಾಳೇನು?" ಬಂದಿರಲಿಲ್ಲ. ಅವಳ ಫೋನ್ ಬಂದ್ ಇತ್ತು. ಠಾಣೆಗೆ ಹೋದೆ, ಗೆಳತಿಯರ ಮನೆ ತಿರುಗಿದೆ. ಭೀಮೆಯ ಸೇತುವೆ ದಾಟುವಾಗ ಕೆಳಗೆ ನೋಡಲು ಧೈರ್ಯವಾಗಲಿಲ್ಲ. ನಾಲ್ಕನೆಯ ದಿನ ಘತ್ತರಗಿಯಲ್ಲಿ ದರ್ಶನದ ಸಾಲಿನಲ್ಲೇ ಅತ್ತುಬಿಟ್ಟೆ. ಯಾರ ಮನೆಯಲ್ಲಾದರೂ ಇರಲಿ ತಾಯಿ, ಜೀವಂತ ಇರಲಿ.

ಸಾಲು ಇನ್ನೂ ಮುಂದೆ ಸರಿದಿರಲಿಲ್ಲ, ಫೋನ್ ಬಂತು. "ಶೋಭಾನ ಅವ್ವ ಏನ್ರಿ? ನಾ ಹುಸೇನಬಿ. ಅಂಜಬ್ಯಾಡ್ರಿ, ಹುಡುಗಿ ಆರಾಮ ಆಗಾಕತ್ತಾಳ. ಕಲಬುರಗಿ ದವಾಖಾನಿಗೆ ಬರ್ರಿ."

ಜೇವರ್ಗಿಯಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಶೋಭಾ ಜ್ವರ ಏರಿ, ಪಕ್ಕದಲ್ಲಿದ್ದ ಹೆಂಗಸಿನ ಹೆಗಲ ಮೇಲೆ ಕುಸಿದಿದ್ದಳು. ಆ ಹೆಂಗಸೇ ಹುಸೇನಬಿ, ಸಂತೆಗಳಲ್ಲಿ ಬಳೆ ಮಾರುವವರು. ವ್ಯಾಪಾರ ಬಿಟ್ಟು ದವಾಖಾನೆಗೆ ಒಯ್ದು, ಅಲ್ಲಿಯೇ ಉಳಿದಿದ್ದರು. ಡೆಂಗಿ ಆಗಿತ್ತು. ಶೋಭಾ ಮೂರು ದಿನ ಯಾರ ನಂಬರನ್ನೂ ಕೊಡಲಿಲ್ಲ. ಕೊಟ್ಟರೆ ಅವ್ವ ಮತ್ತೆ ಬಸ್ ಹತ್ತಿಸುತ್ತಾಳೆ ಎಂದಳಂತೆ. ನಾಲ್ಕನೆಯ ದಿನ ಹುಸೇನಬಿಯೇ ಒತ್ತಾಯ ಮಾಡಿ ನನ್ನ ನಂಬರು ಪಡೆದಿದ್ದರು.

ನಾನು ಓಡಿ ಹೋದಾಗ ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು. "ಒಬ್ರಿಗೇ ಒಳಗ ಬಿಡೋದ್ರಿ. ಪೇಷಂಟ್ ಪೈಕಿಯವರು ಆಗಲೇ ಒಳಗ ಅದಾರ."

"ನಾ ತಾಯಿ ರೀ" ಅಂದೆ.

ನರ್ಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ದಾಖಲು ಮಾಡುವಾಗ ಯಾರ ಪೈಕಿ ಎಂದು ಕೇಳಿದ್ದಕ್ಕೆ ಹುಸೇನಬಿ, "ಇಕಿ ನಮ್ಮ ಪೈಕಿ ರೀ" ಎಂದು ಹೇಳಿ ಹೆಬ್ಬೆಟ್ಟು ಒತ್ತಿದ್ದರು. ಅವರು ಹೊರಗೆ ಬರುವ ತನಕ ನಾನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತೆ. ಹಡೆದವಳಿಗೆ ಅದೇ ತಕ್ಕ ಜಾಗ ಅನ್ನಿಸಿತು.

ಘತ್ತರಗಿ ತಾಯಿಯೇ ಹುಸೇನಬಿಯನ್ನು ಬಸ್ಸಿನ ಆ ಸೀಟಿನಲ್ಲಿ ಕೂಡಿಸಿದಳೆಂದು ನಾನು ನಂಬಿದ್ದೇನೆ. ಅವರಿಗೆ ಹಾಗೆ ಹೇಳಿದರೆ, "ನಮ್ಮ ಅಲ್ಲಾನೂ ಇದ್ದ ಬಿಡ್ರಿ" ಎಂದು ನಗುತ್ತಾರೆ.

ಶೋಭಾ ಈಗ ನನ್ನ ಜೊತೆಗಿದ್ದಾಳೆ, ಶಾಲೆಯಲ್ಲಿ ಕಲಿಸುತ್ತಾಳೆ. ಕೋರ್ಟಿನಲ್ಲಿ ಗಂಡನಿಂದ ಬಿಡುಗಡೆಯಾಯಿತು. ಅಣ್ಣ ಮಾತು ಬಿಟ್ಟಿದ್ದಾನೆ. ಆಳಂದದ ಹುಡುಗನಿಗೆ ಮದುವೆಯಾಗಿ ಮಗುವಿದೆ. ತಾಯಿ ನನ್ನ ಮಗಳ ಜೀವ ಉಳಿಸಿಕೊಟ್ಟಳು. ನಾನು ಕೈಯಾರೆ ಕಳೆದದ್ದನ್ನು ಅವಳಾದರೂ ಎಲ್ಲಿಂದ ತಂದು ಕೊಡಬೇಕು?

ಮೊನ್ನೆ ಅಮಾವಾಸ್ಯೆಗೆ ತಾಯಿ ಮಗಳು ಘತ್ತರಗಿಗೆ ಹೋಗಿದ್ದೆವು. ಗರ್ಭಗುಡಿಯ ಮುಂದೆ ನಾನು ಕಣ್ಣು ಮುಚ್ಚುವಷ್ಟರಲ್ಲಿ ಶೋಭಾ ನನ್ನ ಕೈ ಹಿಡಿದಳು.

"ಅವ್ವಾ, ನನ್ನ ಹೆಸರಲೆ ಏನೂ ಬೇಡಬ್ಯಾಡ."

ನಾನು ಬೇಡಲಿಲ್ಲ. ಉಪಕಾರವಾಯಿತು ತಾಯಿ ಎಂದಷ್ಟೇ ಹೇಳಿ, ಕೈ ಮುಗಿದು ಬಂದೆ.