ಕೊಂಡಿಯ ಮೇಲಿನ ಭಾರ

ಹೊಳೆನರಸೀಪುರದ ಪರಮಶಿವಯ್ಯನಿಗೆ ಎತ್ತಿನ ಕುತ್ತಿಗೆ ಎಂದರೆ ತನ್ನ ಕುತ್ತಿಗೆಗಿಂತ ಹೆಚ್ಚು. ಬಹಳ ಕಾಲ ಬಾಡಿಗೆ ಗಾಡಿ ಹೊಡೆದು, ಆಮೇಲೆ ಹಾಸನದ ರಸ್ತೆಯ ಬದಿಯಲ್ಲಿ ಗಾಡಿ ರಿಪೇರಿಗೆಂದು ಒಂದು ಕೊಟ್ಟಿಗೆ ಹಾಕಿಕೊಂಡವನು. ಭಾರ ಹೇರಿದ ಯಾವ ಗಾಡಿ ಬಂದರೂ ಮೊದಲು ನೊಗ ಕಟ್ಟುವ ಅದರ ಮೂಕಿಮರವನ್ನು ಒಂದೇ ಕೈಯಲ್ಲಿ ಎತ್ತಿ ನೋಡುವನು. ಹಗುರವಾಗಿ ಎದ್ದರೆ ಸರಿ, ಇಲ್ಲದಿದ್ದರೆ ಗಾಡಿಯವನಿಗೆ ಅಲ್ಲೇ ಮಂಗಳಾರತಿ. ಎತ್ತು ಹುಟ್ಟಿರುವುದು ಎಳೆಯಲಿಕ್ಕೆ, ಹೊರಲಿಕ್ಕಲ್ಲ ಎನ್ನುವುದು ಅವನ ವಾದ.

ಮನೆಯಲ್ಲೂ ಅದೇ ರೀತಿ. ಅಪ್ಪ ತೀರಿಕೊಂಡಾಗ ಅಂಬೆಗಾಲಿಡುತ್ತಿದ್ದ ತಮ್ಮ ಗೌರೀಶಂಕರನನ್ನು ಯಾವ ಹೊರೆಯೂ ತಾಕದಂತೆ ಬೆಳೆಸಿದ. ಆ ತಮ್ಮ ಈಗ ಹಾಸನದ ತೆಂಗಿನಕಾಯಿ ಮಂಡಿಯೊಂದರ ಲಾರಿ ಡ್ರೈವರ್. ಹೀಗಿರುವಾಗ ಪರಮಶಿವಯ್ಯನ ಕಣ್ಣಿಗೆ ಪೊರೆ ಬರತೊಡಗಿತು. ಹೇಳಿಬಿಟ್ಟರೆ ತಮ್ಮ ಸ್ಟೇರಿಂಗ್ ಬಿಟ್ಟು ಕೊಟ್ಟಿಗೆಗೆ ಬಂದು ಕೂರುತ್ತಾನೆಂದು ಅವನಿಗೆ ಭಯ. ಹೆಂಡತಿ ನೀಲಾಂಬಿಕೆಯ ಬಾಯಿಗೂ ಬೀಗ ಹಾಕಿಸಿದ್ದ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಮಂಡಿಯವರು, ಮಿಲಿಟರಿಯವರು ಹರಾಜಿಗೆ ಹಾಕಿದ್ದ ಲಾರಿಯೊಂದನ್ನು ತಂದರು. ಹಳೆಯ ಲಾರಿಯ ಹಿಂದೆ ಕಟ್ಟುತ್ತಿದ್ದ ಎರಡು ಚಕ್ರದ ಟ್ರೇಲರ್ ಇದಕ್ಕೆ ಒಗ್ಗಲಿಲ್ಲ. ಹೊಸ ಲಾರಿಯಲ್ಲಿ ಟ್ರೇಲರ್ ಸಿಕ್ಕಿಸುವ ಕೊಂಡಿ ಒಂದು ಗೇಣು ಎತ್ತರ. ಅದನ್ನು ಹೊಂದಿಸುವ ಕೆಲಸ ಪರಮಶಿವಯ್ಯನ ಪಾಲಿಗೆ ಬಂತು. ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿ, ತಡವಿ ತಡವಿ ಅಳತೆ ಹಿಡಿದು, ಟ್ರೇಲರಿನ ಕಬ್ಬಿಣದ ಮೂಕಿಯನ್ನು ಕಾಯಿಸಿ ಮೇಲಕ್ಕೆ ಬಗ್ಗಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವ ಜೀವವೇ ಅದು? ಮೂಕಿಯನ್ನು ಎತ್ತಿ ನೋಡಿದ, ಭಾರವೆನ್ನಿಸಿತು. ಭಾರ ಹಿಂದಕ್ಕೆ ವಾಲಲೆಂದು ಚಕ್ರದ ಅಚ್ಚನ್ನು ಬಿಚ್ಚಿ ಮುಂದಕ್ಕೆ ಸರಿಸಿ ಕೂರಿಸಿದ. ಕಾಯಿಮೂಟೆ ಹೇರಿದ ಮೇಲೂ ಮೂಕಿ ಹೂವಿನ ಹಾಗೆ ಎದ್ದಿತು. ಅವನಿಗೆ ಸಂತೋಷವೋ ಸಂತೋಷ.

ಕೆಲಸ ಹೇಗಾಗಿದೆ ನೋಡೋಣವೆಂದು ತಾನೂ ತಮ್ಮನ ಪಕ್ಕದಲ್ಲಿ ಕೂತು ಹಾಸನಕ್ಕೆ ಹೊರಟ. ಮೊದಲ ಇಳಿಜಾರಿನಲ್ಲೇ ಟ್ರೇಲರ್ ಆ ಕಡೆ ಈ ಕಡೆ ಹೊಯ್ದಾಡಿ ಲಾರಿಯ ಹಿಂಭಾಗವನ್ನೇ ಎಳೆದಾಡತೊಡಗಿತು. ಗೌರೀಶಂಕರ ಹೇಗೋ ಒಂದು ಹುಣಸೆಮರದ ಪಕ್ಕ ತಂದು ನಿಲ್ಲಿಸಿದ. ಹಾಳು ಕಣ್ಣು ಮೋಸ ಮಾಡಿತು, ಅಳತೆ ತಪ್ಪಿತು, ಒಡಹುಟ್ಟಿದವನನ್ನು ನಾನೇ ಕೊಲ್ಲುತ್ತಿದ್ದೆನಲ್ಲ ಎಂದು ಪರಮಶಿವಯ್ಯ ಒಳಗೊಳಗೇ ಬೆಂದುಹೋದ.

ತಮ್ಮ ಟ್ರೇಲರ್ ಹತ್ತಿ, ಹಿಂದಿದ್ದ ಮೂಟೆಗಳನ್ನೆತ್ತಿ ಮುಂದಕ್ಕೆ ಜೋಡಿಸತೊಡಗಿದ.

"ಅಳ್ತೆ ನಾನ್ ತಪ್ಪಿದ್ದು. ಈಗ ಕೊಂಡಿ ಮ್ಯಾಲೆ ಭಾರ ಬೀಳ್ತದೆ ಕಣ್ಲಾ" ಎಂದ ಪರಮಶಿವಯ್ಯ.

"ಬೀಳ್ಲಿ ಅಣ್ಣಯ್ಯ. ನಿನ್ ಅಳ್ತೇಲಿ ಒಂದು ಕೂದ್ಲೆಳೆ ತಪ್ಪಿಲ್ಲ. ಆದ್ರೆ ಇದು ಎತ್ತಲ್ಲ ಕಣಣ್ಣ. ಮುಂದ್ಲುದ್ರ ಮ್ಯಾಲೆ ಒಸಿ ಭಾರ ಕೂತ್ರೇನೇ ಇಂದ್ಲುದು ನೆಟ್ಟಗೆ ಬರೋದು."

ಲಾರಿ ಮತ್ತೆ ಹೊರಟಿತು. ಮುಂದಿನ ಇಳಿಜಾರಿನಲ್ಲಿ ಟ್ರೇಲರ್ ಅಲುಗಾಡದೆ ಹಿಂದೆಯೇ ಬಂತು. ಪರಮಶಿವಯ್ಯ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ. ಕಂಡದ್ದು ಬರೀ ಮಬ್ಬು; ಆದರೂ ಅದು ನೆಟ್ಟಗೆ ಬರುತ್ತಿರುವುದು ಕೂತ ಮೈಗೇ ತಿಳಿಯುತ್ತಿತ್ತು. ಅಳತೆ ಸರಿಯಿತ್ತು, ಕೆಲಸ ಕೆಡಿಸಿದ್ದು ತನ್ನ ಕರುಣೆ. ಇದನ್ನು ಒಪ್ಪಿಕೊಳ್ಳಲು ಅವನಿಗೆ ಕಷ್ಟವಾಯಿತು. ಎತ್ತಿಗೆ ಸರಿಯಾದದ್ದು ಲಾರಿಗೂ ಸರಿ ಎಂದುಕೊಂಡಿದ್ದ, ತಮ್ಮನಿಗೂ ಸರಿ ಎಂದುಕೊಂಡಿದ್ದ. ಇವನಿಗೇನು, ಹೊರುವ ಹೆಗಲಿರಲಿಲ್ಲವೇ? ಹೊರಲು ಬಿಟ್ಟಿದ್ದು ಯಾವಾಗ?

ಹಾಸನ ಹತ್ತಿರವಾಗುತ್ತಿತ್ತು.

"ಶಂಕ್ರ, ನಂಗೆ ಕಣ್ಣು ಕಾಣ್ತಾ ಇಲ್ಲ ಕಣ್ಲಾ."

ಗೌರೀಶಂಕರ ಗಾಡಿಯ ವೇಗ ತಗ್ಗಿಸಿದ.

"ಅಚ್ಚು ತಿರ್ಗಾ ಇಂದಕ್ಕೆ ಕೂರ್ಸೋವಾಗ ನಾನೂ ಜೊತೇಲಿರ್ತೀನಿ" ಎಂದ. "ಆಮ್ಯಾಕೆ ಮೈಸೂರ್ಗೆ ಲೋಡು ಬಂದಾಗ ನೀನೂ ಬಾ, ಆಸ್ಪತ್ರೇಲಿ ತೋರ್ಸಾನ. ಲಾರಿ ಬುಡಾಕಿಲ್ಲ, ನಿನ್ನೂ ಬುಡಾಕಿಲ್ಲ."

ಮಂಡಿಯ ಮುಂದೆ ಲಾರಿ ನಿಂತಾಗ ತಮ್ಮ ಈ ಕಡೆಗೆ ಸುತ್ತಿ ಬಂದು ಬಾಗಿಲು ತೆಗೆದ. ಪರಮಶಿವಯ್ಯ ಅವನ ಹೆಗಲ ಮೇಲೆ ಕೈಯಿಟ್ಟ. ಸುಮ್ಮನೆ ತಾಗಿಸಲಿಲ್ಲ, ಮೈಭಾರವನ್ನೆಲ್ಲ ಊರಿ ಕೆಳಗಿಳಿದ.